ತೊಟ್ಟಿಲಿನ ಮನೆಗೆ ಬರಿಗೈಯಲ್ಲಿ ಹೋಗಬಾರದು

ಧ್ಯಾನಕ್ಕಾಗಿ ಓದತಕ್ಕ ಭಾಗಗಳು: ವಿಮೋಚನಕಾಂಡ 2:1-10, ಲೂಕ 1:39-56, ಗಲಾತ್ಯದವರಿಗೆ 6:2.



ನಮ್ಮ ಹಳ್ಳಿಯ ಸಭೆಗಳಲ್ಲಿ ಕೂಸಿನ ದೀಕ್ಷಾಸ್ನಾನವು ನಡೆಯುವ ಆದಿತ್ಯವಾರವು ಬಹು ಸಂತೋಷದ ದಿನವು. ತಾಯಿಯು ಮಡಿ ಸೀರೆಯನ್ನುಟ್ಟು ಕೂಸನ್ನೆತ್ತಿಕೊಂಡು ಮುಂದೆ ಬರುತ್ತಾಳೆ. ತಂದೆಯು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ನಾಚುತ್ತಾ ಪಕ್ಕದಲ್ಲಿ ನಿಲ್ಲುತ್ತಾನೆ. ಸಭಾಪಾಲಕರು ಕೂಸನ್ನು ಕೈಗೆ ತೆಗೆದುಕೊಂಡು ಅದರ ಹೆಸರನ್ನು ಕೇಳಿ, ತ್ರಿಯೇಕ ದೇವರ ನಾಮದಲ್ಲಿ ನೀರನ್ನು ಹಾಕುತ್ತಾರೆ. ಆಗ ಸಭೆಯವರೆಲ್ಲರೂ ಎದ್ದು ನಿಂತು, ಈ ಕೂಸನ್ನು ಬೆಳೆಸುವದರಲ್ಲಿ ನಾವೂ ಸಹಾಯಕರಾಗಿರುವೆವೆಂದು ಮಾತು ಕೊಡುತ್ತೇವೆ. ಬಳಿಕ ಆ ಮನೆಗೆ ಹೋಗಿ ಊಟಮಾಡಿ, ಕೂಸಿನ ಕೆನ್ನೆ ಸವರಿ, ನಮ್ಮ ನಮ್ಮ ಮನೆಗಳಿಗೆ ಬರುತ್ತೇವೆ.

ಈ ಮಾತು ಕೊಡುವದರಲ್ಲಿಯೂ ಈ ಊಟ ಮಾಡುವದರಲ್ಲಿಯೂ ನಮ್ಮಲ್ಲಿ ಒಂದು ತಪ್ಪು ಸೇರಿಕೊಂಡಿದೆ. ಆ ತಪ್ಪಿನಲ್ಲಿ ನಾವೂ ಪಾಲುಗಾರರಾದದರಿಂದ ಅದನ್ನು ಇಲ್ಲಿ ಒಪ್ಪಿಕೊಂಡು ಹೇಳುತ್ತೇವೆ.

ಕೆಲವು ವರುಷಗಳ ಹಿಂದೆ ಒಂದು ಚಿಕ್ಕ ಊರಿನ ಸಭೆಗೆ ದೀಕ್ಷಾಸ್ನಾನದ ನಿಮಿತ್ತವಾಗಿ ಹೋಗಿದ್ದೆವು. ತಂದೆತಾಯಿಗಳಿಬ್ಬರೂ ಕೂಲಿಯವರು. ಅದು ಅವರ ಚೊಚ್ಚಲ ಕೂಸು. ಆರಾಧನೆಯಾದ ಮೇಲೆ ಮನೆಯ ಮುಂದಿನ ಚಪ್ಪರದಲ್ಲಿ ಅರುವತ್ತು ಮಂದಿಗೆ ಎಲೆ ಹಾಕಿದ್ದರು. ಅನ್ನವೂ ಸಾರೂ ಧಾರಾಳವಾಗಿದ್ದವು. ನಾವು ಎರಡನೆಯ ಸಾರಿ ಬಡಿಸಿಕೊಂಡು ಉಂಡು, ಮನೆಯವರನ್ನು ಹೊಗಳಿ, ಪ್ರಾರ್ಥನೆಮಾಡಿ ಬಂದೆವು. ಹದಿನೈದು ದಿನಗಳಾದ ಮೇಲೆ ಅದೇ ದಾರಿಯಾಗಿ ಹೋಗುವಾಗ ಮಧ್ಯಾಹ್ನದ ಹೊತ್ತಿಗೆ ಆ ಮನೆಯನ್ನು ಹೊಕ್ಕೆವು. ಒಲೆ ಹೊತ್ತಿರಲಿಲ್ಲ. ತಾಯಿಯು ಗೋಡೆಗೆ ಒರಗಿ ಕುಳಿತಿದ್ದಳು. ಕೂಸು ಮೊಲೆಯನ್ನು ಬಿಟ್ಟು ಬಿಟ್ಟು ಅಳುತ್ತಿತ್ತು. ಅಂಗಳದಲ್ಲಿ ಮೇಕೆ ಕಟ್ಟುವ ಗೂಟವು ಬರಿದಾಗಿತ್ತು. “ಮೇಕೆ ಎಲ್ಲಿ ತಾಯಿ?” ಎಂದು ಕೇಳಿದೆವು. ಅವಳು, “ಅದನ್ನ ಮಾರಿಯೇ ಅಲ್ಲವಾ ಅಯ್ಯನವರೇ, ಅವತ್ತಿನ ಊಟ ಮಾಡಿದ್ದು. ಸಾಲದ್ದಕ್ಕೆ ಸಾಲ ತಂದಿದ್ದೀವಿ. ಅವರು ಸಾಲ ತೀರಿಸೋಕೆ ಅಂತ ಕಬ್ಬಿನ ಕಡೆ ಹೋಗಿದ್ದಾರೆ” ಅಂದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆ ಮೇಕೆಯ ಹಾಲೇ ಆ ಬಾಣಂತಿಗಿದ್ದ ಒಂದು ಪುಷ್ಟಿ. ಅದನ್ನು ಊಟವಾಗಿ ಮಾರ್ಪಡಿಸಿ ನಾವು ಅರುವತ್ತು ಮಂದಿ ತಿಂದುಬಿಟ್ಟೆವು. ಆ ಕೂಸನ್ನು ಬೆಳೆಸುವದರಲ್ಲಿ ಸಹಾಯಕರಾಗಿರುವೆವೆಂದು ಅದೇ ದಿನ ದೇವರ ಮುಂದೆ ಮಾತು ಕೊಟ್ಟವರೂ ನಾವೇ.

ಪ್ರಿಯರೇ, ಕೂಸು ಬರುವ ಮನೆಯಲ್ಲಿ ನಡೆಯುವದೇನೆಂಬದನ್ನು ಸ್ವಲ್ಪ ಆಲೋಚಿಸಿರಿ. ಕೂಲಿಯ ಹೆಂಗಸಿಗೆ ತಿಂಗಳು ತುಂಬುತ್ತಾ ಬಂದ ಹಾಗೆ ಕಳೆ ತೆಗೆಯಲು ಬಗ್ಗುವದಕ್ಕಾಗುವದಿಲ್ಲ. ಅವಳ ಕೂಲಿ ನಿಲ್ಲುವದು. ಅವಳನ್ನು ಆಸ್ಪತ್ರೆಗೆ ಕರಕೊಂಡು ಹೋದ ದಿನ ಗಂಡನ ಕೂಲಿಯೂ ಇಲ್ಲ. ಬಸ್ಸಿನ ಖರ್ಚು, ಔಷಧದ ಖರ್ಚು, ಕೂಸಿನ ಬಟ್ಟೆಯ ಖರ್ಚು ಒಂದರ ಹಿಂದೊಂದು ಬರುವವು. ಆದಾಯವು ಕುಗ್ಗುವ ಹೊತ್ತಿನಲ್ಲಿಯೇ ವೆಚ್ಚವು ಹಿಗ್ಗುವದು. ಅಂಥ ಸಮಯದಲ್ಲಿ ಆ ಮನೆಯವರು ನಮಗೆ ಊಟ ಹಾಕಬೇಕೋ, ನಾವು ಅವರಿಗೆ ಊಟ ಹಾಕಬೇಕೋ? ಇದೇ ಈ ತಿಂಗಳು ನಾವು ಕೇಳಿಕೊಳ್ಳತಕ್ಕ ಪ್ರಶ್ನೆಯು. ಸತ್ಯವೇದವು ಇದಕ್ಕೆ ಏನು ಉತ್ತರ ಕೊಡುತ್ತದೆಂಬದನ್ನು ನಾಲ್ಕು ಭಾಗಗಳಾಗಿ ವಿಚಾರಿಸೋಣ.

ಮೊದಲನೆಯದು: ದೇವರು ಬಡ ತಾಯಿಯಿಂದ ಅವಳ ಶಕ್ತಿಗೆ ಮೀರಿ ಕೇಳಲಿಲ್ಲ.

ಯಾಜಕಕಾಂಡದ 12ನೇ ಅಧ್ಯಾಯದಲ್ಲಿ ಹೆತ್ತ ತಾಯಿಯು ದಿನಗಳು ತುಂಬಿದ ಮೇಲೆ ದೇವಾಲಯಕ್ಕೆ ಒಂದು ಕುರಿಮರಿಯನ್ನು ತರಬೇಕೆಂಬ ನೇಮಕವಿದೆ. ಆದರೆ ನೇಮಕವು ಅಷ್ಟಕ್ಕೇ ಮುಗಿಯುವದಿಲ್ಲ. ಕುರಿಮರಿಯನ್ನು ತರುವದಕ್ಕೆ ಗತಿಯಿಲ್ಲದವಳು ಎರಡು ಹಕ್ಕಿಗಳನ್ನು ತಂದರೂ ಸಾಕು ಎಂದು ದೇವರು ತಾನೇ ಅಲ್ಲಿ ಸೇರಿಸಿದ್ದಾನೆ. ಲೂಕನ ಸುವಾರ್ತೆಯ 2ನೇ ಅಧ್ಯಾಯವನ್ನು ನೋಡಿದರೆ, ಮರಿಯಳೂ ಯೋಸೇಫನೂ ತಂದದ್ದು ಈ ಬಡವರ ಕಾಣಿಕೆಯೇ. ಪರಲೋಕದ ಒಡೆಯನನ್ನು ಎತ್ತಿಕೊಂಡು ಬಂದವರ ಕೈಯಲ್ಲಿ ಒಂದು ಕುರಿಮರಿಗೆ ಬೇಕಾದ ಹಣವಿರಲಿಲ್ಲ. ಮುದುಕನಾದ ಸಿಮೆಯೋನನು ಅವರನ್ನು ಎದುರುಗೊಂಡಾಗ ಕುರಿಮರಿ ಎಲ್ಲಿ ಎಂದು ಕೇಳಲಿಲ್ಲ. ಕೂಸನ್ನು ಕೈಗೆ ತೆಗೆದುಕೊಂಡು ದೇವರನ್ನು ಕೊಂಡಾಡಿದನು. ವಿಧವೆಯಾದ ಅನ್ನಳು ಊಟವೆಲ್ಲಿ ಎಂದು ಕೇಳಲಿಲ್ಲ. ಆ ಕೂಸಿನ ವಿಷಯವನ್ನು ಇತರರಿಗೆ ಸಾರಿದಳು.

ಹಾಗಾದರೆ ದೀಕ್ಷಾಸ್ನಾನದ ದಿನ ಊರಿಗೆ ಊಟ ಹಾಕಲೇಬೇಕೆಂಬ ನೇಮಕವು ಎಲ್ಲಿಂದ ಬಂತು? ದೇವರ ಬಾಯಿಂದ ಬರಲಿಲ್ಲ, ನೆರೆಯವರ ಬಾಯಿಂದ ಬಂತು. ಅವರ ಮನೆಯಲ್ಲಿ ಮಾಡಿದರು, ಇವರ ಮನೆಯಲ್ಲಿ ಮಾಡಲಿಲ್ಲ ಎಂಬ ಒಂದು ಮಾತಿಗೆ ಹೆದರಿ ಬಡವನು ಬಡ್ಡಿಗೆ ಸಾಲ ತರುತ್ತಾನೆ. ಸಂಸ್ಕಾರವು ಉಚಿತವಾದದ್ದು, ಅದಕ್ಕೆ ಬೆಲೆ ಕಟ್ಟಿದವರು ನಾವೇ. ಬೆಲೆ ಕೊಡಲಾರದೆ ಕೂಸಿನ ದೀಕ್ಷಾಸ್ನಾನವನ್ನು ವರುಷಗಟ್ಟಲೆ ಮುಂದಕ್ಕೆ ಹಾಕುವ ಮನೆಗಳೂ ಉಂಟು.

ನಮ್ಮ ನಾಡಿನ ಹಳೆಯ ಪದ್ಧತಿಯು ಮೂಲದಲ್ಲಿ ಹೀಗಿರಲಿಲ್ಲ ಎಂಬದನ್ನೂ ನೆನಪಿಗೆ ತಂದುಕೊಳ್ಳಿರಿ. ಬಸುರಿಗೆ ಬಯಕೆಯ ಊಟವನ್ನು ಹಾಕುವವರು ನೆಂಟರೂ ನೆರೆಯವರೂ. ಅವಳು ಏನನ್ನು ಬಯಸುತ್ತಾಳೋ ಅದನ್ನು ಅಟ್ಟು ತಂದು ಅವಳ ಮುಂದೆ ಇಡುವದೇ ಆ ಪದ್ಧತಿಯ ಸಾರವು. ಅಲ್ಲಿ ಉಣ್ಣುವವಳು ತಾಯಿ, ತರುವವರು ನೆರೆಯವರು. ನಾವು ಇದನ್ನು ತಲೆಕೆಳಗೆ ಮಾಡಬಾರದು.

ಎರಡನೆಯದು: ಕೂಸನ್ನು ಸಾಕುವ ತಾಯಿಗೆ ಸಲ್ಲತಕ್ಕದ್ದು ಸಲ್ಲಬೇಕು.

ವಿಮೋಚನಕಾಂಡದ 2ನೇ ಅಧ್ಯಾಯದಲ್ಲಿ ಒಂದು ಆಶ್ಚರ್ಯವಾದ ಸಂಗತಿಯಿದೆ. ಮೋಶೆಯ ತಾಯಿಯು ರಾಜಾಜ್ಞೆಗೆ ಹೆದರಿ ತನ್ನ ಕೂಸನ್ನು ಆಪಿನ ಪೆಟ್ಟಿಗೆಯಲ್ಲಿಟ್ಟು ನದಿಯ ದಡದಲ್ಲಿ ಬಿಟ್ಟಳು. ಫರೋಹನ ಮಗಳು ಅದನ್ನು ಕಂಡು ಮರುಗಿದಳು. ದೂರದಲ್ಲಿ ನಿಂತು ಕಾಯುತ್ತಿದ್ದ ಅಕ್ಕನು ಓಡಿಬಂದು, ಹಾಲು ಕೊಡುವ ಹೆಂಗಸನ್ನು ಕರೆದು ತರಲೋ ಎಂದು ಕೇಳಿ, ಹೆತ್ತ ತಾಯಿಯನ್ನೇ ಕರೆದು ತಂದಳು. ಆಗ ಅರಸನ ಮಗಳು ಆ ತಾಯಿಗೆ, ಕೂಸನ್ನು ಸಾಕು, ನಿನಗೆ ಸಂಬಳ ಕೊಡುತ್ತೇನೆ ಅಂದಳು. ಒಬ್ಬ ತಾಯಿಯು ತನ್ನ ಸ್ವಂತ ಕೂಸಿಗೆ ಹಾಲೂಡಿಸಿದ್ದಕ್ಕೆ ಅರಮನೆಯಿಂದ ಸಂಬಳ ಪಡೆದಳು! ಲೋಕವು ಇದನ್ನು ಕೆಲಸವೆಂದು ಎಣಿಸುವದಿಲ್ಲ. ಆದರೆ ದೇವರ ಪುಸ್ತಕವು ಇದನ್ನು ಸಂಬಳಕ್ಕೆ ಯೋಗ್ಯವಾದ ಕೆಲಸವೆಂದು ಬರೆದಿಟ್ಟಿದೆ. ತಾಯಿಯು ಅದನ್ನು ತೆಗೆದುಕೊಂಡದ್ದರಲ್ಲಿ ಏನೂ ಅವಮಾನವನ್ನು ಹೇಳಲಿಲ್ಲ.

ನಮ್ಮ ಕಾಲದಲ್ಲಿಯೂ ಸರಕಾರವು ಬಡ ತಾಯಂದಿರಿಗಾಗಿ ಕೆಲವು ಸಹಾಯಗಳನ್ನು ಇಟ್ಟಿದೆ. ಅವು ಭಿಕ್ಷೆಯಲ್ಲ; ಅವಳಿಗೆ ಸಲ್ಲತಕ್ಕವುಗಳು. ತಿಳಿಯದವರಿಗಾಗಿ ಮುಖ್ಯವಾದವುಗಳನ್ನು ಹೇಳುತ್ತೇವೆ.

ಬಸುರೆಂದು ತಿಳಿದ ಕೂಡಲೇ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಯಿಸಿ ತಾಯಿ ಕಾರ್ಡನ್ನು ಪಡಕೊಳ್ಳಬೇಕು. ಅಂಗನವಾಡಿಯ ಏರ್ಪಾಡು ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಗರ್ಭಿಣಿಯರಿಗೂ, ಹೆರಿಗೆಯಾಗಿ ಆರು ತಿಂಗಳ ವರೆಗೆ ಬಾಣಂತಿಯರಿಗೂ, ಪುಷ್ಟಿಯಾದ ಊಟವು ಅಂಗನವಾಡಿಯ ಮೂಲಕ ಸಲ್ಲಬೇಕೆಂಬ ಮಾತೃಪೂರ್ಣ ಯೋಜನೆಯು 2017ರಲ್ಲಿ ರಾಜ್ಯವೆಲ್ಲಾ ಜಾರಿಗೆ ಬಂತು. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ, 2022ರಲ್ಲಿ ಬಂದ ನಿಯಮದ ಪ್ರಕಾರ, ಮೊದಲನೆಯ ಕೂಸಿಗೆ 5,000 ರೂಪಾಯಿ ಎರಡು ಕಂತಿನಲ್ಲಿ ತಾಯಿಯ ಖಾತೆಗೆ ಬರುವದು. ಹೆಸರು ಬರೆಯಿಸಿ ಪರೀಕ್ಷೆ ಮಾಡಿಸಿಕೊಂಡ ಮೇಲೆ 3,000. ಕೂಸಿನ ಜನನವನ್ನು ಬರೆಯಿಸಿ ಮೊದಲ ಸುತ್ತಿನ ಲಸಿಕೆಗಳನ್ನು ಹಾಕಿಸಿದ ಮೇಲೆ 2,000. ಎರಡನೆಯ ಕೂಸು ಹೆಣ್ಣಾದರೆ 6,000 ರೂಪಾಯಿ ಒಂದೇ ಸಾರಿ ಸಲ್ಲುವದು. ಹೆಣ್ಣು ಹುಟ್ಟಿತೆಂದು ಮುಖ ಬಾಡಿಸಿಕೊಳ್ಳುವವರು ಇದನ್ನು ಗಮನಿಸಲಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೂ, ಶಸ್ತ್ರಕ್ರಿಯೆಗೂ, ಔಷಧಕ್ಕೂ, ರಕ್ತಕ್ಕೂ, ಅಲ್ಲಿರುವಾಗಿನ ಊಟಕ್ಕೂ, ಹೋಗಿಬರುವ ವಾಹನಕ್ಕೂ ದುಡ್ಡು ಕೊಡಬೇಕಾದದ್ದಿಲ್ಲ. ಬೇನೆ ಬಂದಾಗ 108 ಎಂಬ ಸಂಖ್ಯೆಗೆ ಕರೆದರೆ ವಾಹನವು ಬರುವದು.

ಈ ಹಣವು ಒಂದು ತಿಂಗಳ ಕೂಲಿಗೂ ಸಾಲದೆಂಬದನ್ನು ಬಲ್ಲೆವು. ಆದರೂ ಸಾಲಗಾರನ ಬಾಗಲಿಗೆ ಹೋಗುವ ಕಾಲನ್ನು ಅದು ಕೆಲವು ದಿನವಾದರೂ ತಡೆಯುವದು. ಅದು ಕೈತಪ್ಪುವದು ಯಾಕೆ? ಬ್ಯಾಂಕಿನ ಖಾತೆ ಇಲ್ಲದೆ, ಆಧಾರಿನಲ್ಲಿ ಹೆಸರು ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ ಇದ್ದು, ಕಾಗದ ಬರೆಯುವವರು ಸಿಕ್ಕದೆ, ಎರಡು ಸಾರಿ ಅಲೆದು ಬೇಸತ್ತು, ಅನೇಕರು ಬಿಟ್ಟುಬಿಡುತ್ತಾರೆ. ಮತಾಂತರವಾದಾಗ ಹೆಸರು ಬದಲಾಯಿಸಿಕೊಂಡವರಿಗೆ ಈ ತೊಡಕು ಇನ್ನೂ ಹೆಚ್ಚು. ಇಲ್ಲಿಯೇ ಮೋಶೆಯ ಅಕ್ಕನ ಕೆಲಸವುಂಟು. ಆ ಹುಡುಗಿಯ ಬಳಿಯಲ್ಲಿ ಹಣವಿರಲಿಲ್ಲ, ಅಧಿಕಾರವೂ ಇರಲಿಲ್ಲ. ಆದರೆ ಅವಳು ಕಾದು ನಿಂತಳು. ಮಾತಾಡಬೇಕಾದ ಕಡೆಯಲ್ಲಿ ಧೈರ್ಯವಾಗಿ ಮಾತಾಡಿದಳು. ಕೊಡುವವಳನ್ನೂ ಪಡೆಯುವವಳನ್ನೂ ಒಂದುಗೂಡಿಸಿದಳು. ನಮ್ಮ ಸಭೆಗಳಲ್ಲಿ ಶಾಲೆಗೆ ಹೋದ ಯುವಕರೂ ಯುವತಿಯರೂ ಇದ್ದಾರೆ. ಬಸುರಿಯ ಜೊತೆಯಲ್ಲಿ ಅಂಗನವಾಡಿಗೂ ಬ್ಯಾಂಕಿಗೂ ಹೋಗಿ, ಕಾಗದವನ್ನು ಬರೆದು, ಹಣವು ಬಂತೋ ಎಂದು ವಿಚಾರಿಸುವವರು ಈ ಅಕ್ಕನಿಗೆ ಸಮಾನರು. ಇದು ಆದಿತ್ಯವಾರದ ಗಾಯನಕ್ಕಿಂತ ಕಡಮೆಯಾದ ಸೇವೆಯಲ್ಲ.

ಮತ್ತೊಂದು ಮಾತು. 2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತ ಸಾಲದೆಂದು ಕಂಡುಬಂತು. ರಕ್ತ ಸಾಲದವಳಿಗೆ ಹೆರಿಗೆಯಲ್ಲಿ ಅಪಾಯವು ಹೆಚ್ಚು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳನ್ನು ಬಸುರಿನಲ್ಲಿ 180 ದಿನ, ಹೆತ್ತ ಮೇಲೆ 180 ದಿನ ನುಂಗಬೇಕೆಂದು ವೈದ್ಯರ ವಿಧಿ. ಮಾತ್ರೆಯಿಂದ ಕೂಸು ಕಪ್ಪಾಗುವದೆಂಬದೂ, ಹೆಚ್ಚು ಉಂಡರೆ ಹೆರಿಗೆ ಕಷ್ಟವೆಂಬದೂ ಸುಳ್ಳು ಮಾತುಗಳು. ಅತ್ತೆಯಂದಿರೇ, ಸೊಸೆಯ ತಟ್ಟೆಗೆ ಕೊನೆಯಲ್ಲಿ ಮಿಕ್ಕದ್ದನ್ನು ಬಡಿಸದೆ ಮೊದಲು ಬಡಿಸಿರಿ.

ಮೂರನೆಯದು: ತವರಿಲ್ಲದವಳಿಗೆ ಸಭೆಯೇ ತವರು.

ಮರಿಯಳು ಗರ್ಭಿಣಿಯಾದಾಗ ಅವಸರದಿಂದ ಬೆಟ್ಟದ ಸೀಮೆಗೆ ಹೊರಟು ಎಲಿಸಬೇತಳ ಮನೆಗೆ ಬಂದಳೆಂದು ಲೂಕನು ಬರೆದಿದ್ದಾನೆ. ಅವಳು ಇನ್ನೂ ಗಂಡನ ಮನೆಗೆ ಸೇರದ ಹುಡುಗಿ. ಊರಿನವರ ನಾಲಿಗೆ ಹೇಗಿರುವದೆಂಬದನ್ನು ನಾವು ಬಲ್ಲೆವು. ಎಲಿಸಬೇತಳು ಅವಳನ್ನು ಬಾಗಲಲ್ಲಿ ನಿಲ್ಲಿಸಿ ವಿಚಾರಣೆ ಮಾಡಲಿಲ್ಲ. ಕಂಡ ಕೂಡಲೇ ಹರ್ಷದಿಂದ ಕೂಗಿ ಅವಳನ್ನು ಆಶೀರ್ವದಿಸಿದಳು. ಒಂದು ಹೊತ್ತಿನ ಊಟ ಹಾಕಿ ಕಳುಹಿಸಲಿಲ್ಲ. ಮರಿಯಳು ಹೆಚ್ಚುಕಡಿಮೆ ಮೂರು ತಿಂಗಳು ಅಲ್ಲಿ ಇದ್ದಳು. ಎಲಿಸಬೇತಳಾದರೋ ಮುದುಕಿ, ತಾನೇ ತುಂಬಿದ ಬಸುರಿ. ಇಬ್ಬರಿಗೂ ಒಬ್ಬರ ಹೊರೆ ಒಬ್ಬರಿಗೆ ತಿಳಿದಿತ್ತು. ಮರಿಯಳ ಬಾಯಿಂದ ಸ್ತುತಿಯು ಹೊರಟದ್ದು ಈ ಅಂಗೀಕಾರವಾದ ಮೇಲೆಯೇ ಎಂಬದನ್ನು ಗಮನಿಸಿರಿ.

ನಮ್ಮ ನಾಡಿನಲ್ಲಿ ಚೊಚ್ಚಲು ಹೆರಿಗೆಗೆ ಹೆಂಗಸು ತವರಿಗೆ ಹೋಗುತ್ತಾಳೆ. ತಾಯಿಯು ಎಣ್ಣೆ ನೀರು ಹಾಕಿ, ಬಿಸಿ ಬಿಸಿಯಾಗಿ ಉಣ್ಣಿಸಿ, ರಾತ್ರಿಯಲ್ಲಿ ಕೂಸನ್ನು ತಾನು ಎತ್ತಿಕೊಂಡು ಮಗಳನ್ನು ಮಲಗಿಸುತ್ತಾಳೆ. ಆದರೆ ನಮ್ಮ ಸಭೆಗಳಲ್ಲಿ ಕ್ರಿಸ್ತನ ನಾಮದ ನಿಮಿತ್ತ ತವರಿನ ಬಾಗಲು ಮುಚ್ಚಿಹೋದ ಹೆಣ್ಣುಮಕ್ಕಳಿದ್ದಾರೆ. ಬೇರೆ ಜಾತಿಯವನನ್ನು ಮದುವೆಯಾದದ್ದರಿಂದ ತವರು ಕಳಕೊಂಡವರಿದ್ದಾರೆ. ತಾಯಿ ತೀರಿಹೋದವರೂ, ಕೂಲಿಗಾಗಿ ದೂರದ ಊರಿಗೆ ಬಂದು ನೆಲಸಿದವರೂ ಇದ್ದಾರೆ. ಅವರು ಸಭೆಯಲ್ಲಿ ನಮ್ಮನ್ನು ಅಮ್ಮಾ, ಅಕ್ಕಾ ಎಂದು ಕರೆಯುತ್ತಾರೆ. ಆ ಕರೆಯು ಬರಿಯ ಮರ್ಯಾದೆಯ ಮಾತೋ, ಇಲ್ಲವೇ ನಿಜವೋ ಎಂಬದು ಬಾಣಂತಿತನದಲ್ಲಿ ಗೊತ್ತಾಗುವದು.

ಈ ಸಂದರ್ಭದಲ್ಲಿ ಮನಸ್ಸಿನ ಹೊರೆಯನ್ನು ಕುರಿತು ಹೇಳಬೇಕಾಗಿದೆ. ಹೆತ್ತ ಮೊದಲ ಎರಡು ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವದು ಅನೇಕ ತಾಯಂದಿರಿಗೆ ಸಹಜ. ಅದು ತಾನೇ ಕಳೆಯುವದು. ಆದರೆ ಕೆಲವರಿಗೆ ಅದು ಕಳೆಯದೆ ಆಳವಾಗುತ್ತದೆ. ಕೂಸು ಮಲಗಿದರೂ ತಾಯಿಗೆ ನಿದ್ರೆ ಬಾರದು, ಊಟ ರುಚಿಸದು, ಕೂಸಿನ ಮುಖ ನೋಡಿದರೂ ಮನಸ್ಸು ಅರಳದು, ತಾನು ಕೆಟ್ಟ ತಾಯಿ ಎಂಬ ಯೋಚನೆಯು ಬಿಡದು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪರಿಶೀಲನೆಯು ನಮ್ಮ ದೇಶದಲ್ಲಿ ಹೆತ್ತ ತಾಯಂದಿರಲ್ಲಿ ನೂರಕ್ಕೆ 22 ಮಂದಿಗೆ ಇಂಥ ಖಿನ್ನತೆ ಇರುವದೆಂದು ಲೆಕ್ಕಹಾಕಿತು. ಹಾಗಾದರೆ ನಮ್ಮ ಸಭೆಯಲ್ಲಿ ಐದು ತೊಟ್ಟಿಲುಗಳಿದ್ದರೆ ಅವುಗಳಲ್ಲೊಂದರ ಪಕ್ಕದಲ್ಲಿ ಈ ದುಃಖವು ಕುಳಿತಿರಬಹುದು.

ಇದು ದೆವ್ವದ ಚೇಷ್ಟೆಯಲ್ಲ, ಪಾಪದ ದಂಡನೆಯಲ್ಲ, ನಂಬಿಕೆಯ ಕೊರತೆಯೂ ಅಲ್ಲ. ಇದು ರೋಗವು, ಇದಕ್ಕೆ ಚಿಕಿತ್ಸೆಯುಂಟು. ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಮಲಗಿ ಸಾವನ್ನು ಬೇಡಿಕೊಂಡಾಗ ದೇವರು ಅವನನ್ನು ಗದರಿಸಲಿಲ್ಲ. ನಿದ್ರೆಯನ್ನು ಕೊಟ್ಟನು, ರೊಟ್ಟಿಯನ್ನೂ ನೀರನ್ನೂ ಎರಡು ಸಾರಿ ಕೊಟ್ಟನು. ಮಾತು ಆಮೇಲೆ ಬಂತು. ಬಾಣಂತಿಯ ವಿಷಯದಲ್ಲಿಯೂ ಈ ಕ್ರಮವೇ ಸರಿ. ಮೊದಲು ಕೂಸನ್ನು ಎರಡು ಗಂಟೆ ಎತ್ತಿಕೊಂಡು ಅವಳನ್ನು ಮಲಗಿಸಿರಿ. ಆಮೇಲೆ ಬಿಸಿ ಗಂಜಿಯನ್ನೋ ಮುದ್ದೆಯನ್ನೋ ಕೊಡಿರಿ. ಆಮೇಲೆ ಅವಳ ಮಾತನ್ನು ಕೇಳಿರಿ. ನಾವು ಹತ್ತು ಹೆತ್ತಿಲ್ಲವೋ, ನಿನಗೇನು ಬಂತು ಎಂದು ಹಂಗಿಸಬೇಡಿರಿ. ಬದುಕು ಬೇಡವೆಂಬ ಮಾತು ಅವಳ ಬಾಯಿಂದ ಬಂದರೆ, ಇಲ್ಲವೇ ಇಲ್ಲದ ಧ್ವನಿಗಳು ಕೇಳುತ್ತವೆಂದು ಹೇಳಿದರೆ, ಅವಳನ್ನೂ ಕೂಸನ್ನೂ ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಕರಕೊಂಡು ಹೋಗಿರಿ. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ 14416 ಸಂಖ್ಯೆಗೆ ಹಗಲೂ ರಾತ್ರಿಯೂ ಉಚಿತವಾಗಿ ಕರೆದು ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಉಪಚರಿಸುವ ವಿಭಾಗವಿದೆ. ಪ್ರಾರ್ಥನೆಯನ್ನು ಮಾಡಿರಿ, ಆದರೆ ಪ್ರಾರ್ಥನೆಯ ನೆಪದಿಂದ ವೈದ್ಯರನ್ನು ತಡಮಾಡಬೇಡಿರಿ. ನಮ್ಮ ಹಿರಿಯರು ಹಾಗೆ ಮಾಡಲಿಲ್ಲ. ಮೈಸೂರಿನಲ್ಲಿ 1906ರಲ್ಲಿ ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ಮಿಶನ್ ಆಸ್ಪತ್ರೆಯನ್ನು ತೆರೆದವರು ಪ್ರಾರ್ಥನೆಯನ್ನು ಬಲ್ಲವರೇ ಆಗಿದ್ದರು.

ನಾಲ್ಕನೆಯದು: ತಂದೆಯನ್ನೂ ಮರೆಯಬಾರದು.

ಬೇತ್ಲೆಹೇಮಿನ ಆ ರಾತ್ರಿಯಲ್ಲಿ ಯೋಸೇಫನ ಮನಸ್ಸು ಹೇಗಿದ್ದಿರಬೇಕು? ದಿನ ತುಂಬಿದ ಹೆಂಡತಿ, ಪರಸ್ಥಳ, ತಂಗುವದಕ್ಕೆ ಸ್ಥಳವಿಲ್ಲ, ಕೂಸನ್ನು ಮಲಗಿಸಲು ದನದ ಗೋದಲಿ. ಸತ್ಯವೇದದಲ್ಲಿ ಅವನ ಬಾಯಿಂದ ಒಂದು ಮಾತೂ ಬರೆಯಲ್ಪಟ್ಟಿಲ್ಲ. ನಮ್ಮ ಮನೆಗಳ ತಂದೆಗಳೂ ಹೀಗೆಯೇ ಬಾಯಿ ಬಿಡುವದಿಲ್ಲ. ಬಡ್ಡಿಯ ಲೆಕ್ಕವನ್ನು ಮನಸ್ಸಿನಲ್ಲಿ ಹಾಕುತ್ತಾ ರಾತ್ರಿಯನ್ನು ಕಳೆಯುತ್ತಾರೆ. ಹೊಸ ತಂದೆಗಳಲ್ಲಿ ಹತ್ತಕ್ಕೆ ಒಬ್ಬನನ್ನು ಖಿನ್ನತೆಯು ಹಿಡಿಯುವದೆಂದು 2010ರಲ್ಲಿ ನಾನಾ ದೇಶಗಳ ಪರಿಶೀಲನೆಗಳನ್ನು ಕೂಡಿಸಿ ನೋಡಿದವರು ಬರೆದಿದ್ದಾರೆ. ಕೆಲವರು ಆ ಭಾರವನ್ನು ಸಾರಾಯಿಯಲ್ಲಿ ಮುಳುಗಿಸಲು ಹೋಗಿ ಮನೆಯನ್ನೇ ಮುಳುಗಿಸುತ್ತಾರೆ. ಸಭೆಯ ಹಿರಿಯರೇ, ಅವನು ಸಾರಾಯಿ ಅಂಗಡಿಗೆ ಹೋದ ಮೇಲೆ ಬುದ್ಧಿ ಹೇಳುವದಕ್ಕಿಂತ, ಅದಕ್ಕೆ ಮುಂಚೆ ಜಗಲಿಯಲ್ಲಿ ಅವನ ಪಕ್ಕದಲ್ಲಿ ಕುಳಿತು, ಎಷ್ಟು ಸಾಲವಾಯಿತು ತಮ್ಮಾ ಎಂದು ಕೇಳುವದು ಉತ್ತಮವು.

ಇಸ್ರಾಯೇಲರಲ್ಲಿ ಹೊಸದಾಗಿ ಮದುವೆಯಾದವನನ್ನು ಒಂದು ವರುಷ ಯುದ್ಧಕ್ಕೂ ಬೇರೆ ಭಾರಕ್ಕೂ ಕರೆಯದೆ ಮನೆಯಲ್ಲಿ ಇರಬಿಡಬೇಕೆಂಬ ನೇಮಕವು ಧರ್ಮೋಪದೇಶಕಾಂಡ 24ನೇ ಅಧ್ಯಾಯದಲ್ಲಿದೆ. ಯಾಕೋಬನು ಏಸಾವನ ಸಂಗಡ ಪ್ರಯಾಣಮಾಡಬೇಕಾದಾಗ, ತನ್ನ ಮಕ್ಕಳು ಎಳೆಯವರು, ಹಿಂಡಿನಲ್ಲಿ ಹಾಲೂಡಿಸುವವುಗಳಿವೆ, ಒಂದು ದಿನ ಅವಸರಪಡಿಸಿದರೆ ಸತ್ತುಹೋಗುವವು, ಆದದರಿಂದ ಅವುಗಳ ನಡಿಗೆಗೆ ಸರಿಯಾಗಿ ಮೆಲ್ಲಗೆ ಬರುವೆನೆಂದು ಹೇಳಿದನು. ಎಳೆಯ ಕೂಸಿರುವ ಮನೆಯು ಮೆಲ್ಲಗೆ ನಡೆಯಬೇಕಾದ ಮನೆ. ಅದರ ಸಂಗಡ ಸಭೆಯೂ ಮೆಲ್ಲಗೆ ನಡೆಯಲಿ. ಅಂಥವರಿಂದ ಸ್ವಲ್ಪ ಕಾಲ ವರಿಯನ್ನೂ ಕೆಲಸವನ್ನೂ ಕೇಳದೆ ಇರಲಿ.

ಹೀಗಿರಲಾಗಿ ನಾವು ಮಾಡತಕ್ಕದ್ದೇನು?

ಒಂದು, ದೀಕ್ಷಾಸ್ನಾನದ ಊಟವನ್ನು ಕೂಸಿನ ಮನೆಯವರು ಹಾಕಬಾರದೆಂದು ಸಭೆಯವರೆಲ್ಲರೂ ಕೂಡಿ ನಿಶ್ಚಯಿಸಲಿ. ಒಬ್ಬನೇ ಬಿಟ್ಟರೆ ಅವನಿಗೆ ಅವಮಾನವಾಗುವದು. ಎಲ್ಲರೂ ಬಿಟ್ಟರೆ ಯಾರಿಗೂ ಅವಮಾನವಿಲ್ಲ. ಉಳ್ಳವರು ಮೊದಲು ಬಿಡಲಿ. ಯಾಕಂದರೆ ಉಳ್ಳವನ ಚಪ್ಪರವನ್ನು ನೋಡಿಯೇ ಇಲ್ಲದವನು ಸಾಲ ಮಾಡುತ್ತಾನೆ. ಅಂದು ಕೂಡಿ ಉಣ್ಣಬೇಕೆಂದಿದ್ದರೆ ಪ್ರತಿಯೊಂದು ಮನೆಯವರೂ ಒಂದೊಂದು ಪಾತ್ರೆಯನ್ನು ತರಲಿ.

ಎರಡು, ಹಿಡಿ ಧಾನ್ಯದ ಗಡಿಗೆಯನ್ನು ಇಡೋಣ. ಮಿಜೋರಾಮಿನ ಸಭೆಗಳ ಸ್ತ್ರೀಯರು 1910ರಿಂದ ಅಡಿಗೆಗೆ ಅಕ್ಕಿ ತೆಗೆಯುವಾಗಲೆಲ್ಲಾ ಒಂದು ಹಿಡಿಯನ್ನು ಕರ್ತನಿಗೆಂದು ಬೇರೆ ಇಡುತ್ತಾ ಬಂದಿದ್ದಾರೆ. ಅವರು ಧನವಂತರಾಗಿ ಇದನ್ನು ಆರಂಭಿಸಲಿಲ್ಲ. ನಾವು ರಾಗಿಯನ್ನೋ ಜೋಳವನ್ನೋ ಅಕ್ಕಿಯನ್ನೋ ಹಾಗೆ ಇಟ್ಟು, ತಿಂಗಳಿಗೊಮ್ಮೆ ಕೂಡಿಸಿ, ಬಸುರಿ ಬಾಣಂತಿಯರ ಮನೆಗೆ ಕಳುಹಿಸಬಹುದು. ಹಗಲಲ್ಲಿ ಡಂಗುರ ಹೊಯ್ದು ಕಳುಹಿಸದೆ, ಹೆಂಗಸರ ಕೈಯಿಂದ ಮರ್ಯಾದೆಯಾಗಿ ಕಳುಹಿಸೋಣ.

ಮೂರು, ಪ್ರತಿಯೊಬ್ಬ ಬಸುರಿಗೂ ಇಬ್ಬರು ಹಿರಿಯ ಸ್ತ್ರೀಯರನ್ನು ಗೊತ್ತುಮಾಡೋಣ. ಅವರು ಅವಳ ತಾಯಿ ಕಾರ್ಡನ್ನು ನೋಡಲಿ, ಪರೀಕ್ಷೆಗೆ ಜೊತೆಯಲ್ಲಿ ಹೋಗಲಿ, ಬೇನೆ ಬಂದ ರಾತ್ರಿ ಬರಲಿ, ಹೆತ್ತ ಮೇಲೆ ಮೂರು ತಿಂಗಳ ತನಕ ವಾರಕ್ಕೆರಡು ಸಾರಿಯಾದರೂ ಮನೆಗೆ ಹೋಗಲಿ. ಎಲಿಸಬೇತಳ ಮನೆಯ ಅಳತೆಯು ಮೂರು ತಿಂಗಳಲ್ಲವೇ?

ನಾಲ್ಕು, ಗಂಡನು ಬಿಟ್ಟುಹೋದವಳನ್ನೂ, ಮದುವೆಯಿಲ್ಲದೆ ತಾಯಿಯಾದವಳನ್ನೂ, ಕೂಸನ್ನು ಕಳಕೊಂಡವಳನ್ನೂ ಈ ಏರ್ಪಾಡಿನಿಂದ ಹೊರಗೆ ಇಡಬಾರದು. ಹಾಗರಳನ್ನು ಮನೆಯವರು ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಕೊಟ್ಟು ಅಡವಿಗೆ ಕಳುಹಿಸಿದರು. ನೀರು ಮುಗಿದು ಅವಳು ಮಗನನ್ನು ಗಿಡದ ಕೆಳಗೆ ಹಾಕಿ ದೂರ ಹೋಗಿ ಕುಳಿತಾಗ ಆ ಅಳುವನ್ನು ಕೇಳಿದವನು ದೇವರು. ದೇವರು ಕೇಳಿದ ಅಳುವಿಗೆ ಸಭೆಯು ಕಿವಿ ಮುಚ್ಚಬಾರದು.

ಕೆಲವರು, ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ, ನಾವು ಯಾಕೆ ಚಿಂತಿಸಬೇಕು ಎಂದು ಹೇಳುವರು. ಈ ಗಾದೆಯನ್ನು ಹಸಿದವನು ತನ್ನ ಧೈರ್ಯಕ್ಕಾಗಿ ಹೇಳಿಕೊಂಡರೆ ಅದು ನಂಬಿಕೆಯು. ಉಂಡವನು ಹಸಿದವನಿಗೆ ಹೇಳಿದರೆ ಅದು ನುಣುಚಿಕೊಳ್ಳುವ ಮಾತು. ಬಟ್ಟೆಯೂ ಆಹಾರವೂ ಇಲ್ಲದವರಿಗೆ ಏನೂ ಕೊಡದೆ, ಸುಖವಾಗಿ ಹೋಗಿರೆಂದು ಬರಿಯ ಮಾತಿನಿಂದ ಕಳುಹಿಸುವದರಿಂದ ಪ್ರಯೋಜನವೇನೆಂದು ಅಪೊಸ್ತಲನಾದ ಯಾಕೋಬನು ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಕೇಳಿದ್ದಾನೆ. ದೇವರು ಆ ಕೂಸಿಗೆ ಉಣಿಸುವದು ನಿಜ. ಆದರೆ ನಮ್ಮ ಗಡಿಗೆಯಿಂದ ಉಣಿಸಬೇಕೆಂದು ಆತನ ಚಿತ್ತವಿರಬಹುದು. ಮತ್ತೆ ಕೆಲವರು, ನಾವೇ ಬಡವರು, ಏನು ಕೊಟ್ಟೇವು ಎನ್ನುವರು. ಒಬ್ಬರ ಹೊರೆಯನ್ನು ಒಬ್ಬರು ಹೊರಬೇಕೆಂದು ಪೌಲನು ಗಲಾತ್ಯದವರಿಗೆ ಬರೆದಾಗ ಅದನ್ನು ಧನವಂತರಿಗೆ ಮಾತ್ರ ಬರೆಯಲಿಲ್ಲ. ಎರಡು ಗಂಟೆ ಕೂಸನ್ನು ಎತ್ತಿಕೊಳ್ಳುವದಕ್ಕೆ ಹಣ ಬೇಕಾಗಿಲ್ಲ. ಎರಡು ಕೊಡ ನೀರು ತಂದು ಹಾಕುವದಕ್ಕೆ ಹೊಲ ಬೇಕಾಗಿಲ್ಲ.

ಆ ಮೇಕೆಯ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ನಾವು ಆ ಮಧ್ಯಾಹ್ನ ಅಲ್ಲಿಂದ ಹೊರಟು, ಸಭೆಯ ಹಿರಿಯರನ್ನು ಕೂಡಿಸಿ, ಅಂದು ಉಂಡವರು ನಾವೆಲ್ಲರೂ ಎಂದು ಹೇಳಿದೆವು. ಯಾರೂ ಮಾತಾಡಲಿಲ್ಲ. ಕಡೆಗೆ ಒಬ್ಬ ಮುದುಕಿಯು ಎದ್ದು, ತನ್ನ ಸೆರಗಿನ ಗಂಟಿನಿಂದ ಇಪ್ಪತ್ತು ರೂಪಾಯಿ ತೆಗೆದು ಮೇಜಿನ ಮೇಲೆ ಇಟ್ಟು, “ನಾನು ಎರಡು ಸಲ ಬಡಿಸಿಕೊಂಡಿದ್ದೆ” ಅಂದಳು. ನಾವೂ ಎರಡು ಸಾರಿ ಬಡಿಸಿಕೊಂಡವರೇ. ಆ ಸಂಜೆ ಕೂಡಿದ ಹಣವು ಒಂದು ಮೇಕೆಗೆ ಸಾಲದೆಹೋಯಿತು. ಮುಂದಿನ ಆದಿತ್ಯವಾರಕ್ಕೆ ಸಾಕಾಯಿತು. ಆ ಅಂಗಳದ ಗೂಟಕ್ಕೆ ಮತ್ತೆ ಒಂದು ಹಾಲಿನ ಮೇಕೆಯನ್ನು ಕಟ್ಟಿದರು. ಸಾಲವು ಅದರಿಂದ ತೀರಲಿಲ್ಲ. ಅದು ತೀರಲು ಎರಡು ವರುಷ ಹಿಡಿಯಿತು. ಆದರೆ ಆ ಸಭೆಯಲ್ಲಿ ಅಂದಿನಿಂದ ಯಾವ ಕೂಸಿನ ಮನೆಯವರೂ ಊಟ ಹಾಕಿಲ್ಲ.

ಪ್ರಿಯ ಓದುಗರೇ, ಮುಂದಿನ ಸಾರಿ ಕೂಸಿನ ದೀಕ್ಷಾಸ್ನಾನಕ್ಕಾಗಿ ಎದ್ದು ನಿಂತು ಮಾತು ಕೊಡುವಾಗ ನಮ್ಮ ಕೈಗಳನ್ನು ನೋಡಿಕೊಳ್ಳೋಣ. ಅವು ಬರಿದಾಗಿದ್ದರೆ ಮನೆಗೆ ಹೋಗಿ ಏನಾದರೂ ತೆಗೆದುಕೊಂಡು ಆ ತೊಟ್ಟಿಲಿನ ಬಳಿಗೆ ಹೋಗೋಣ.

ಗೋದಲಿಯಲ್ಲಿ ಮಲಗಿದ ಕರ್ತನೇ, ಬಡ ತಾಯಿಯ ಹಾಲನ್ನು ಕುಡಿದು ಬೆಳೆದವನೇ, ನಮ್ಮ ಊರುಗಳಲ್ಲಿ ಈ ಹೊತ್ತು ಬಸುರಿನ ಭಾರವನ್ನು ಹೊತ್ತಿರುವವರನ್ನೂ, ನಿದ್ರೆಯಿಲ್ಲದೆ ಕೂಸನ್ನು ತೂಗುತ್ತಿರುವವರನ್ನೂ, ಸಾಲದ ಚಿಂತೆಯಿಂದ ಬಾಯಿಬಿಡದೆ ಇರುವ ತಂದೆಗಳನ್ನೂ ನೋಡು. ಅವರ ಬಾಗಲಿಗೆ ನಮ್ಮನ್ನು ಕಳುಹಿಸು. ಆಮೆನ್.